ಬಿಚ್ಚುವಲ್ಲಿಂದ ಶುರು: ಖಂಡೇರಾಜುರಿಯ ಪಡಸಾಲೆಯ ಇಂಗ್ಲಿಷ್ ಪಾಠಗಳು

ಮಿರಜ ತಾಲೂಕಿನ ಪೂರ್ವ ಭಾಗದಲ್ಲಿರುವ ನಮ್ಮ ಖಂಡೇರಾಜುರಿಯಲ್ಲಿ ಮಕ್ಕಳಿಗೆ ಶಾಲೆಯಲ್ಲಿ ಮರಾಠಿ, ನನ್ನಂಥವರ ಮನೆಗಳಲ್ಲಿ ಕನ್ನಡ, ಮೊಬೈಲಿನಲ್ಲಿ ಹಿಂದಿ. ಇಂಗ್ಲಿಷಿಗೆ ಉಳಿಯುವುದು ಸಂಜೆ ಆರೂವರೆಯಿಂದ ಎಂಟರವರೆಗಿನ ಹೊತ್ತು, ಅದೂ ಕರೆಂಟು ಕೈಕೊಡದಿದ್ದರೆ. ಆ ಹೊತ್ತನ್ನು 22 ವರ್ಷಗಳಿಂದ ನಾನು ನಮ್ಮ ಮನೆಯ ಪಡಸಾಲೆಯಲ್ಲಿ ಕಳೆದಿದ್ದೇನೆ. ಹತ್ತನೆಯ ಇಯತ್ತೆಯ ಮಕ್ಕಳು ಬರುತ್ತಾರೆ, ದ್ರಾಕ್ಷಿ ತೋಟದ ಹುಡುಗರು ಬರುತ್ತಾರೆ, ನರ್ಸಿಂಗಿಗೆ ಹೋಗಬೇಕೆನ್ನುವ ಹುಡುಗಿಯರು ಬರುತ್ತಾರೆ.

ಕಾಲ, ವಚನ, ಪ್ರಶ್ನಾರ್ಥಕ ಇವನ್ನೆಲ್ಲ ಹೇಗೋ ದಾಟಿಸಬಹುದು. ನನ್ನನ್ನು ಸತಾಯಿಸಿದ್ದು ಒಂದೇ ಮನೆತನದ ಕ್ರಿಯಾಪದಗಳು. ಕಟ್ಟು, ಬಿಗಿ, ಹಿಡಿ, ಅಂಟು, ಜೋತುಬೀಳು ಎನ್ನುವವುಗಳ ಇಂಗ್ಲಿಷ್ ನೆಂಟರು. ಅವುಗಳ ಜೊತೆ ಗುದ್ದಾಡಿ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

1. ‘ಕ್ಯಾಚ್’ ಅನ್ನು ಮೊದಲು ಕೈಯಿಂದ ಇಳಿಸಬೇಕು

ಈ ಪಾಠ ಮೊದಲು ಆದದ್ದು ನನಗೇ. ಕಲಿಸಲು ಶುರು ಮಾಡಿದ ಹೊಸದರಲ್ಲಿ ಒಮ್ಮೆ ಮಿರಜ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ವಿದೇಶಿ ಸಿಕ್ಕ. ತಂಬೂರಿ ಕೊಂಡುಕೊಂಡು ಹೊರಟಿದ್ದವನು. ಆಳೆತ್ತರದ ಪೆಟ್ಟಿಗೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ. ನನ್ನ ಕೈಯಲ್ಲಿ ದ್ರಾಕ್ಷಿಯ ಚೀಲ, ಟಿಕೆಟ್ ಒಳಜೇಬಿನಲ್ಲಿ. ‘ಚೂರು ಹಿಡೀರಿ’ ಅನ್ನುವುದನ್ನು ಮನಸ್ಸಿನಲ್ಲೇ ತಿರುಗಿಸಿ ‘ಪ್ಲೀಸ್ ಕ್ಯಾಚ್ ದಿಸ್ ಬ್ಯಾಗ್’ ಅಂದೆ. ಆತ ಎರಡು ಹೆಜ್ಜೆ ಹಿಂದೆ ಸರಿದು, ಮೊಣಕಾಲು ಬಗ್ಗಿಸಿ, ಸ್ಲಿಪ್ಪಿನಲ್ಲಿ ನಿಂತ ಫೀಲ್ಡರನ ಹಾಗೆ ಎರಡೂ ಅಂಗೈ ಒಡ್ಡಿದ. ನಾನು ಚೀಲ ಎಸೆಯುತ್ತೇನೆ ಅಂದುಕೊಂಡಿದ್ದ! ಚಹಾದ ಅಂಗಡಿಯವನು ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ತಪ್ಪು ನನ್ನೊಬ್ಬನದಲ್ಲ, ‘ಹಿಡಿ’ಯದು. ಹಳಗನ್ನಡದಲ್ಲಿ ‘ಪಿಡಿ’ ಆಗಿದ್ದ ಕಾಲದಿಂದ ಈ ಮಾತು ಮಾಡದ ಕೆಲಸವಿಲ್ಲ. ಕಳ್ಳನನ್ನು ಹಿಡಿಯುತ್ತೇವೆ, ಕೊಡೆ ಹಿಡಿಯುತ್ತೇವೆ, ಬಸ್ಸು ಹಿಡಿಯುತ್ತೇವೆ, ಹಠ ಹಿಡಿಯುತ್ತೇವೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಆಷಾಢದಲ್ಲಿ ಮಳೆ ಹಿಡಿಯುತ್ತದೆ, ಕೆಲಸಕ್ಕೆ ಎರಡು ತಾಸು ಹಿಡಿಯುತ್ತದೆ. ಕೊಡಕ್ಕೆ ಇಷ್ಟು ನೀರು ಹಿಡಿಯುತ್ತದೆ, ಹುಡುಗಿ ಹುಡುಗನಿಗೆ ಹಿಡಿಸುತ್ತಾಳೆ. ಮರಾಠಿಯ ‘ಧರಣೆ’ಯೂ ಹೆಚ್ಚುಕಡಿಮೆ ಇದೇ ಜಾತಿ. ಕಿಟ್ಟೆಲರು 1894ರ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಇಂಥ ಮಾತುಗಳ ಮುಂದೆ ಇಂಗ್ಲಿಷ್ ಕ್ರಿಯಾಪದಗಳನ್ನು ಸಾಲುಸಾಲಾಗಿ ನಿಲ್ಲಿಸಬೇಕಾಯಿತು. ನಮ್ಮ ಮಕ್ಕಳು ಆ ಸಾಲಿನಿಂದ ಒಂದನ್ನೇ ಎತ್ತಿಕೊಂಡು ಎಲ್ಲ ಕಡೆ ಓಡಿಸುತ್ತಾರೆ. ‘ಕ್ಯಾಚ್ ಮೈ ಹ್ಯಾಂಡ್’, ‘ಕ್ಯಾಚ್ ದ ರೋಪ್’, ‘ಕ್ಯಾಚ್ ದ ಬೇಬಿ’. ಕೊನೆಯದನ್ನು ಕೇಳಿದರೆ ಎಂಥ ಇಂಗ್ಲಿಷ್ ತಾಯಿಗೂ ಎದೆ ಝಲ್ ಎನ್ನಬೇಕು.

ಅದಕ್ಕೇ ನನ್ನ ಪಡಸಾಲೆಯಲ್ಲಿ ಮೊದಲ ವಾರ ‘ಕ್ಯಾಚ್’ ನಿಷಿದ್ಧ. ಹಾರಿ ಬರುವುದನ್ನು, ಓಡಿ ಹೋಗುವುದನ್ನು ಹಿಡಿದರೆ ಮಾತ್ರ ಕ್ಯಾಚ್. ಚೆಂಡು, ಕಳ್ಳ, ಮೀನು, ಹೊರಡಲಿರುವ ಬಸ್ಸು. ಆಗಲೇ ಕೈಯಲ್ಲಿರುವುದಕ್ಕೆ, ನಿಂತಲ್ಲೇ ನಿಂತಿರುವುದಕ್ಕೆ ‘ಹೋಲ್ಡ್’. ಬೋರ್ಡಿನ ಮೂಲೆಯಲ್ಲಿ ‘ಕ್ಯಾಚ್’ ಎಂದು ಬರೆದು ಅದರ ಮೇಲೆ ದೊಡ್ಡ ಕಾಟು ಹೊಡೆದಿಡುತ್ತೇನೆ.

2. ಕಟ್ಟುವುದನ್ನು ಕಲಿಸಬೇಕಾದರೆ ಬಿಚ್ಚುವುದರಿಂದ ಶುರು ಮಾಡಿ

ನಾನು ಕಂಡುಕೊಂಡದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು. ಕಂಡುಕೊಂಡದ್ದೂ ಆಕಸ್ಮಿಕವಾಗಿ.

ಒಂದು ಸಂಜೆ ವಿರುದ್ಧಾರ್ಥಕ ಕೇಳುತ್ತಿದ್ದೆ. ಟೈ? ಅನ್‌ಟೈ. ಬಟನ್? ಅನ್‌ಬಟನ್. ಹುಕ್? ಅನ್‌ಹುಕ್. ಹೋಲ್ಡ್? ಹಿಂದಿನ ಸಾಲಿನ ಹುಡುಗ ಕಣ್ಣು ಮುಚ್ಚಿ ‘ಅನ್‌ಹೋಲ್ಡ್’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕು, ತಪ್ಪು ಅಂದೆ. ‘ಯಾಕ್ರಿ ಸರ, ಬಟನಿಗೆ ನಡೀತದ, ಕೈಗೆ ಯಾಕ ನಡ್ಯಂಗಿಲ್ಲ?’ ಅಂದ. ಉತ್ತರ ನನ್ನ ಹತ್ತಿರ ಇರಲಿಲ್ಲ. ‘ನಾಳೆ ಹೇಳ್ತೀನಿ’ ಎಂಬ ಮೇಷ್ಟ್ರ ಹಳೇ ಅಸ್ತ್ರ ಬಿಟ್ಟೆ.

ರಾತ್ರಿ ದನಕ್ಕೆ ಮೇವು ಹಾಕುತ್ತ ಯೋಚಿಸಿದೆ. ಹುಡುಗನ ಪ್ರಶ್ನೆಯಲ್ಲೇ ಉತ್ತರವಿತ್ತು. ಒಂದು ಸಾಧನ ಹಿಡಿದಿದ್ದರೆ ಇಂಗ್ಲಿಷು ‘ಅನ್’ ಹಚ್ಚಿ ಬಿಚ್ಚುತ್ತದೆ. ದಾರ, ಗುಂಡಿ, ಕೊಕ್ಕೆ, ಬಕಲು, ಚಿಲಕ, ಸ್ಕ್ರೂ, ಪಿನ್ನು, ಎಲ್ಲಕ್ಕೂ ‘ಅನ್’ ಇದೆ. ಕೈಯೇ ಹಿಡಿದಿದ್ದರೆ ‘ಅನ್’ ಇಲ್ಲ, ‘ಲೆಟ್ ಗೋ’ ಅನ್ನಬೇಕು. ಹೋಲ್ಡ್, ಗ್ರಿಪ್, ಗ್ರ್ಯಾಬ್, ಕ್ಲಿಂಗ್ ಇವು ಯಾವುದಕ್ಕೂ ‘ಅನ್’ ಹತ್ತುವುದಿಲ್ಲ. ಮುಷ್ಟಿ ಬಿಗಿಯುವ ‘ಕ್ಲೆಂಚ್’, ಬೆರಳಿಗೆ ಬೆರಳು ಹೆಣೆಯುವ ‘ಕ್ಲಾಸ್ಪ್’ ಮಾತ್ರ ‘ಅನ್’ ತಗೊಳ್ಳುತ್ತವೆ. ಅಲ್ಲಿ ಕೈ ತಾನೇ ಒಂದು ಕೊಂಡಿಯ ಹಾಗೆ ಬೀಗಗೊಂಡಿರುತ್ತದಲ್ಲ.

ಇದೇ ಭೇದ ಕನ್ನಡದಲ್ಲಿ ಮೊದಲಿನಿಂದಲೂ ಇದೆ, ನಾವು ಗಮನಿಸಿಲ್ಲ ಅಷ್ಟೆ. ಗಂಟು ಬಿಚ್ಚುತ್ತೇವೆ, ಕೈ ಬಿಡುತ್ತೇವೆ, ಚಿಲಕ ತೆಗೆಯುತ್ತೇವೆ, ಕೊಂಡಿ ಕಳಚುತ್ತೇವೆ, ಮೊಳೆ ಕೀಳುತ್ತೇವೆ, ಬಿಗಿದದ್ದನ್ನು ಸಡಿಲಿಸುತ್ತೇವೆ. ಸರಗುಣಿಕೆ ಹಾಕಿದ ಲಾಡಿ ತಾನಾಗಿ ಉಚ್ಚಿಕೊಳ್ಳುತ್ತದೆ. ಮೂರು ವರ್ಷದ ಕೂಸು ಕೂಡ ‘ಮೊಳೆ ಬಿಚ್ಚು’ ಅನ್ನುವುದಿಲ್ಲ, ‘ಕೈ ಕಳಚು’ ಅನ್ನುವುದಿಲ್ಲ. ಹಿಡಿಯುವುದಕ್ಕೆ ನಾವು ಒಂದೆರಡು ಮಾತಿನಲ್ಲೇ ಸಂಸಾರ ಸಾಗಿಸುತ್ತೇವೆ, ಬಿಡುವ ಹೊತ್ತಿಗೆ ಮಾತ್ರ ಒಂದೊಂದಕ್ಕೂ ಒಂದೊಂದು ಮಾತು. ಇಂಗ್ಲಿಷಿನ ಸಿರಿ ಹಿಡಿಯುವ ಕಡೆ ಹೆಚ್ಚು. ಅಂದಮೇಲೆ ಮಗುವಿನ ಸಿರಿ ಇರುವಲ್ಲಿಂದಲೇ ಪಾಠ ಶುರುವಾಗಬೇಕಲ್ಲವೆ?

ಅಂದಿನಿಂದ ‘ಇದಕ್ಕೆ ಇಂಗ್ಲಿಷಿನಲ್ಲಿ ಏನು’ ಎಂದು ಯಾರಾದರೂ ಕೇಳಿದರೆ ‘ಇದು ಹ್ಯಾಂಗ ಬಿಡ್ತದ ಹೇಳು’ ಅಂತೇನೆ. ಬಿಚ್ಚಬೇಕೆಂದರೆ ಟೈ, ಕಳಚಬೇಕೆಂದರೆ ಹುಕ್, ಕೀಳಬೇಕೆಂದರೆ ನೇಲ್, ಸುಲಿದು ತೆಗೆಯಬೇಕೆಂದರೆ ಸ್ಟಿಕ್, ಬಿಡಬೇಕೆಂದರೆ ಹೋಲ್ಡ್. ನೂರಕ್ಕೆ ನೂರು ಸಲ ಹೊಂದುವುದಿಲ್ಲ. ಆದರೆ ಅರ್ಥಗಳ ಪಟ್ಟಿ ಬಾಯಿಪಾಠ ಮಾಡಿಸಿದ್ದಕ್ಕಿಂತ ಎಷ್ಟೋ ವಾಸಿ.

3. ಅರ್ಥ ಹೇಳಬೇಡಿ, ವಸ್ತು ಕೈಗೆ ಕೊಡಿ

ಕನ್ನಡದಲ್ಲಿ ಹಿಡಿಯುವ ರೀತಿ ಕ್ರಿಯಾಪದದ ಹಿಂದಿನ ಮಾತಿನಲ್ಲಿ ಇರುತ್ತದೆ. ಬಿಗಿ ಹಿಡಿ, ಕಚ್ಚಿ ಹಿಡಿ, ಅವಚಿ ಹಿಡಿ, ತಡೆದು ಹಿಡಿ. ಇಂಗ್ಲಿಷಿನಲ್ಲಿ ರೀತಿ ಕ್ರಿಯಾಪದದ ಹೊಟ್ಟೆಯೊಳಗೇ ಇರುತ್ತದೆ. ಹೀಗಾಗಿ ನಿಘಂಟು ನೋಡಿ ಕಲಿತ ಮಗುವಿಗೆ ಗ್ರಿಪ್ಪೂ ‘ಹಿಡಿ’, ಗ್ರಾಸ್ಪೂ ‘ಹಿಡಿ’, ಕ್ಲಚ್ಚೂ ‘ಹಿಡಿ’.

ನಾನು ಒಂದು ಬುಟ್ಟಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಒಂದು ಕೋಳಿಮೊಟ್ಟೆ, ಒಂದು ಕುಡುಗೋಲು, ಒಂದು ಹಗ್ಗ, ಐದು ರೂಪಾಯಿಯ ಒಂದು ನಾಣ್ಯ. ಮೊಟ್ಟೆ ಹಿಡಿ ಅಂದರೆ ಬೆರಳು ತಾವಾಗಿ ಮೆತ್ತಗಾಗುತ್ತವೆ, ಅದು ಹೋಲ್ಡ್. ಕುಡುಗೋಲಿನ ಹಿಡಿಕೆ ಹಿಡಿದು ಮೇವು ಕೊಯ್ಯುವ ಹಾಗೆ ಮಾಡು ಅಂದರೆ ಬೆರಳ ಗೆಣ್ಣು ಬೆಳ್ಳಗಾಗುತ್ತವೆ, ಅದು ಗ್ರಿಪ್. ಬ್ಯಾಟಿಗೂ ಬೈಕಿನ ಹ್ಯಾಂಡಲಿಗೂ ಹಾಕುವ ರಬ್ಬರಿನಿಂದ ಆ ಮಾತು ಮಕ್ಕಳಿಗೆ ಮೊದಲೇ ಗೊತ್ತು. ನಾಣ್ಯ ನೆಲಕ್ಕೆ ಹಾಕಿ ‘ಯಾರಿಗೆ ಸಿಗ್ತದೋ ಅವರದು’ ಅಂದರೆ ಆಗುವುದು ಗ್ರ್ಯಾಬ್. ಈ ಪಾಠಕ್ಕೆ ವರ್ಷಕ್ಕೆ ಐದು ರೂಪಾಯಿ ಖರ್ಚು.

ಹಗ್ಗ ಬೇಕಾಗುವುದು ‘ಗ್ರಾಸ್ಪ್’ಗೆ. ಚಾಚಿ, ಬೆರಳು ಸುತ್ತಿ, ಸಿಕ್ಕಿತು ಅನ್ನುವ ಕ್ಷಣ ಅದು. ತಲೆಗೆ ಹತ್ತಿತು ಅನ್ನುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಮಾತು. ನಮ್ಮ ‘ಗ್ರಹಿಸು’ ಕೂಡ ಹೀಗೇ ಅಲ್ಲವೆ? ಗ್ರಹ ಅಂದರೆ ಹಿಡಿಯುವುದು. ಸೂರ್ಯನಿಗೆ ಗ್ರಹಣ ‘ಹಿಡಿಯಿತು’ ಅಂದಾಗ ನಾವು ಹಿಡಿತವನ್ನು ಎರಡು ಸಲ ಹೇಳಿದಂತಾಯಿತು.

‘ಸೀಜ್’ ಕಲಿಸಬೇಕಾಗಿಯೇ ಇಲ್ಲ. ಟ್ರ್ಯಾಕ್ಟರಿನ ಕಂತು ತಪ್ಪಿದ ಮನೆಗಳಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು. ಆಯಿಲ್ ಮುಗಿದು ಇಂಜಿನ್ ಸೀಜ್ ಆದದ್ದೂ ಗೊತ್ತು.

4. ಗೊತ್ತಿದ್ದ ಮಾತು ಮೋಸ ಮಾಡಬಹುದು: ಕ್ಲಚ್ಚಿನ ಪ್ರಸಂಗ

‘ಕ್ಲಚ್’ ಸುಲಭ, ಎಲ್ಲರ ಮನೆಯಲ್ಲೂ ಬೈಕಿದೆ ಅಂದುಕೊಂಡಿದ್ದೆ. ಅರ್ಥ ಕೇಳಿದರೆ ಹದಿನೇಳರ ಹುಡುಗ ‘ಬಿಡೋದು ಸರ’ ಅಂದ. ಇನ್ನೊಬ್ಬ ‘ಗೇರ್ ಬದಲಸಾಕ ಕಡೀಗೆ ಮಾಡೋದು’ ಅಂದ. ಗಾಬರಿ, ಆತಂಕದಲ್ಲಿ ಗಟ್ಟಿಯಾಗಿ ಅವಚಿ ಹಿಡಿಯುವುದು ಎಂಬ ಅರ್ಥದ ಮಾತಿಗೆ ನೇರ ಉಲ್ಟಾ.

ಅವರದ್ದು ತಪ್ಪೆನ್ನಲಾಗದು. ಬೈಕಿನ ಕ್ಲಚ್ ಎಂಬುದು ಒಂದಕ್ಕೊಂದು ಒತ್ತಿ ಕೂತ ಪ್ಲೇಟುಗಳ ಜೋಡಣೆ. ಸ್ಪ್ರಿಂಗುಗಳು ಆ ಪ್ಲೇಟುಗಳನ್ನು ಅದುಮಿ ಹಿಡಿದಿರುತ್ತವೆ, ಅದರಿಂದಲೇ ಇಂಜಿನ್ನಿನ ತಿರುಗಾಟ ಗಾಲಿಗೆ ಮುಟ್ಟುತ್ತದೆ. ನಾವು ಎಡಗೈಯಿಂದ ಲಿವರ್ ಒತ್ತಿದಾಗ ಪ್ಲೇಟುಗಳು ಬಿಡುತ್ತವೆ, ಗಾಲಿ ಇಂಜಿನ್ನಿನಿಂದ ಬೇರೆಯಾಗುತ್ತದೆ. ಅಂದರೆ ‘ಕ್ಲಚ್ ಹಿಡಿ’ ಅಂದಾಗ ನಮ್ಮ ಕೈ ಹಿಡಿಯುತ್ತದೆ, ಕ್ಲಚ್ ಬಿಡುತ್ತದೆ. ಹುಡುಗರಿಗೆ ಕಾಣುವುದು ಎರಡನೆಯದು ಮಾತ್ರ.

ಆ ದಿನ ಪಾಠ ಬಿಟ್ಟು ಎಲ್ಲರೂ ಅಂಗಳಕ್ಕೆ ಹೋದೆವು. ಒಬ್ಬನ ಹಳೇ ಬೈಕು ಸ್ಟಾರ್ಟ್ ಮಾಡಿಸಿ, ಮೊದಲನೇ ಗೇರಿನಲ್ಲಿ ಲಿವರನ್ನು ನಿಧಾನ ಸಡಿಲಿಸಲು ಹೇಳಿದೆ. ಗಾಡಿ ನಡುಗಿ ಮುಂದಕ್ಕೆ ಜಗ್ಗಿದ ಆ ಗಳಿಗೆಯಲ್ಲಿ ‘ಈಗ ನೋಡು, ಒಳಗ ಅದು ಹಿಡಕೊಳ್ಳಾಕತ್ತದ’ ಅಂದೆ. ಆ ಹುಡುಗ ಈಗ ಕುಪವಾಡದ ಎಂಐಡಿಸಿಯಲ್ಲಿ ಕೆಲಸಕ್ಕಿದ್ದಾನೆ. ಮೆಷಿನ್ನಿಗೆ ಕಬ್ಬಿಣದ ತುಂಡು ಕೂರಿಸುವುದಕ್ಕೆ ಅಲ್ಲಿ ‘ಕ್ಲ್ಯಾಂಪ್’ ಅನ್ನುತ್ತಾರೆಂದು ನನಗೇ ಬಂದು ಪಾಠ ಹೇಳಿದ.

ಕೋಳಿ ಕಾವಿಗೆ ಕೂತ ಮೊಟ್ಟೆಗಳ ಗುಂಪಿಗೂ ಇಂಗ್ಲಿಷಿನಲ್ಲಿ ಕ್ಲಚ್ ಅಂತಾರೆ. ಅದು ಬೇರೆ ಬೇರಿನ ಮಾತು, ತಲೆ ಕೆಡಿಸಿಕೊಳ್ಳಬೇಡಿ.

5. ‘ಕಟ್ಟು’ವಿಗೂ ಇದೇ ಮದ್ದು

‘ಐ ಟೈಡ್ ಮೈ ಫೀಸ್’ ಎಂದು ಒಬ್ಬ ಬರೆದಿದ್ದ. ಅವನ ತಂದೆ ಹೊಸ ಮನೆ ‘ಟೈ’ ಮಾಡುತ್ತಿದ್ದರು. ಮನೆ ಕಟ್ಟು, ಹಣ ಕಟ್ಟು, ಬುತ್ತಿ ಕಟ್ಟು, ಗಡಿಯಾರ ಕಟ್ಟು, ಕತೆ ಕಟ್ಟು, ಎಮ್ಮೆ ಕಟ್ಟು. ಇಂಗ್ಲಿಷಿನಲ್ಲಿ ಇದು ಆರು ಮನೆಯ ಸಂಸಾರ: ಬಿಲ್ಡ್, ಪೇ, ಪ್ಯಾಕ್, ಪುಟ್ ಆನ್, ಮೇಕ್ ಅಪ್, ಟೆದರ್. ‘ಬಿಚ್ಚಲಿಕ್ಕೆ ಬರ್ತದೇನು’ ಎಂದು ಕೇಳಿದರೆ ಮನೆ, ಹಣ, ಕತೆ ಮೂರೂ ಹೊರಗೆ ಬೀಳುತ್ತವೆ. ದನಗಳ ವಿಷಯದಲ್ಲಿ ನಾವೂ ಬಡವರಲ್ಲ. ಗೂಟಕ್ಕೆ ಕಟ್ಟುತ್ತೇವೆ, ಗಾಡಿಗೆ ಹೂಡುತ್ತೇವೆ. ಟೆದರ್ ಮತ್ತು ಹಿಚ್ ಅಂದರೆ ಅಷ್ಟೇ.

6. ದ್ರಾಕ್ಷಿ ತೋಟದಲ್ಲಿ ಅರ್ಧ ದಿನ

ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಛಾಟಣಿ, ಅಂದರೆ ಬಳ್ಳಿ ಸವರುವುದು. ಏಪ್ರಿಲ್ ಹೊತ್ತಿಗೆ ಖರಡ್ ಛಾಟಣಿ, ಅಕ್ಟೋಬರ್ ಹೊತ್ತಿಗೆ ಫಳ ಛಾಟಣಿ. ಖರಡ್ ಛಾಟಣಿ ಆಗಿ ಹೊಸ ಕುಡಿ ಉದ್ದಕ್ಕೆ ಓಡಲು ಹತ್ತಿದಾಗ ಅವನ್ನು ತಂತಿಗೆ ಕಟ್ಟುವ ಕೆಲಸ ಬರುತ್ತದೆ. ಆ ವಾರ ಕ್ಲಾಸಿಗೆ ಅರ್ಧ ಹುಡುಗರು ಬರುವುದಿಲ್ಲ. ಒಂದು ಭಾನುವಾರ ಕ್ಲಾಸನ್ನೇ ತೋಟಕ್ಕೆ ಒಯ್ದೆ.

ಒಬ್ಬ ಅಜ್ಜ ಸುತಳಿಯಿಂದ ಕುಡಿ ಕಟ್ಟುತ್ತಿದ್ದ. ತಂತಿಗೆ ಒಂದು ಸುತ್ತು, ನಡುವೆ ದಾಟಿಸಿ ಕುಡಿಗೆ ಒಂದು ಸುತ್ತು, ಇಂಗ್ಲಿಷಿನ ಎಂಟರ ಅಂಕಿ ಅಡ್ಡ ಮಲಗಿದ ಹಾಗೆ. ಕುಡಿಯ ಸುತ್ತ ಒಂದು ಬೆರಳು ತೂರುವಷ್ಟು ಜಾಗ ಬಿಟ್ಟು ಗಂಟು ಹಾಕುತ್ತಿದ್ದ. ಹುಡುಗನೊಬ್ಬ ಉತ್ಸಾಹದಿಂದ ಬಿಗಿದು ಕಟ್ಟಿದ್ದಕ್ಕೆ ಅಜ್ಜ ‘ಏ ತಮ್ಮಾ, ಹೆಣಾ ಕಟ್ಟಾಕತ್ತೀ ಏನ? ನಾಳೆ ಅದು ದಪ್ಪ ಆಗಬೇಕೋ ಬ್ಯಾಡೋ?’ ಎಂದು ಗದರಿದ. ಟೈ ಮತ್ತು ಬೈಂಡ್ ನಡುವಿನ ವ್ಯತ್ಯಾಸವನ್ನು ನಾನು ಹತ್ತು ವಾಕ್ಯದಲ್ಲಿ ಹೇಳಲಾರದ್ದನ್ನು ಆತ ಒಂದು ಬೈಗುಳದಲ್ಲಿ ಹೇಳಿದ. ಟೈ ಅಂದರೆ ಒಂದು ಕಡೆ ಗಂಟು, ಉಳಿದದ್ದು ಸಡಿಲವಿದ್ದರೂ ಸರಿ. ಬೈಂಡ್ ಅಂದರೆ ಮೈಸುತ್ತ ಬಿಗಿತ, ಅಲುಗಾಡಲು ಆಸ್ಪದವಿಲ್ಲ. ಗಾಯದ ಪಟ್ಟಿ, ಪುಸ್ತಕದ ರಟ್ಟು, ಕಂಕಿ ಕಟ್ಟುವ ಹೊರೆ ಇವೆಲ್ಲ ಬೈಂಡ್.

ಅದೇ ತಂತಿಯ ಮೇಲೆ ‘ಕ್ಲಿಂಗ್’ ಕೂಡ ಇತ್ತು. ದ್ರಾಕ್ಷಿಯ ಬಳ್ಳಿ ಎಲೆಯ ಎದುರುಗಡೆ ಎಳೆಯ ನೂಲಿನಂಥ ಕೈ ಬಿಡುತ್ತದೆ. ನಮ್ಮಲ್ಲಿ ಮರಾಠಿಯ ‘ಬಾಳಿ’ ಎಂಬ ಮಾತೇ ರೂಢಿ. ತಂತಿ ತಗುಲಿದರೆ ಬಾಳಿ ಅದನ್ನು ಸುತ್ತುತ್ತದೆ, ದಿನ ಕಳೆದಂತೆ ಕಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಹಿಂದಿನ ವರ್ಷದ ಒಂದು ಒಣ ಬಾಳಿ ತಂತಿಗೆ ಸುತ್ತಿಕೊಂಡೇ ಇತ್ತು. ಅದರ ಬಳ್ಳಿಯನ್ನು ಎಂದೋ ಕತ್ತರಿಸಿ ಒಗೆದಾಗಿದೆ. ಹುಡುಗಿಯೊಬ್ಬಳಿಗೆ ಬಿಡಿಸಲು ಹೇಳಿದೆ. ಉಗುರು ಹಾಕಿದಳು, ಜಗ್ಗಿದಳು, ಬರಲಿಲ್ಲ. ‘ಸತ್ತರೂ ಬಿಡವಲ್ದು ಸರ’ ಅಂದಳು. ಕತ್ತರಿಯಿಂದ ತುಂಡರಿಸಬೇಕಾಯಿತು. ಕ್ಲಿಂಗಿಗೆ ‘ಅನ್’ ಯಾಕಿಲ್ಲ ಎಂದು ಅವಳು ಮತ್ತೆ ಕೇಳಲಿಲ್ಲ.

ಬಾಳಿಯ ಬಗ್ಗೆ ಇನ್ನೊಂದು ಮಾತಿದೆ, ಇಂಗ್ಲಿಷಿಗೆ ಸಂಬಂಧವಿಲ್ಲದಿದ್ದರೂ ಹೇಳದೆ ಇರಲಾರೆ. ಬಳ್ಳಿಯಲ್ಲಿ ಬಾಳಿಯೂ ಹೂಗೊಂಚಲೂ ಹುಟ್ಟುವುದು ಒಂದೇ ಬಗೆಯ ಮೊಳಕೆಯಿಂದ. ಫಳ ಛಾಟಣಿ ಆದಮೇಲೆ ಮೋಡ ಕವಿದು, ಮಳೆ ಬಿದ್ದು, ಬಿಸಿಲು ಸಾಲದೆ ಹೋದರೆ ಗೊಂಚಲಾಗಬೇಕಾದದ್ದು ಬಾಳಿಯಾಗಿಬಿಡುತ್ತದೆ. ‘ಘಡ ಜಿರಿತು’ ಅಂತಾರೆ. ಹಾಗಾದ ವರ್ಷ ಊರಿನ ಮಾತೇ ತಗ್ಗಿಹೋಗುತ್ತದೆ. ಹಣ್ಣು ಕೊಡುವುದನ್ನು ಬಿಟ್ಟು ಗಿಡ ಹಿಡಿದುಕೊಳ್ಳುವುದನ್ನೇ ಆರಿಸಿಕೊಂಡಂತೆ.

‘ಕ್ಲಿಂಗ್’ ಮತ್ತೆ ಎದುರಾದದ್ದು ಮಹಾಪೂರದ ಸುದ್ದಿಯಲ್ಲಿ. 2019ರ ಆಗಸ್ಟಿನಲ್ಲಿ ಸಾಂಗ್ಲಿಯ ಐರ್ವಿನ್ ಸೇತುವೆಯ ಹತ್ತಿರ ಕೃಷ್ಣೆಯ ನೀರು 57 ಅಡಿ ದಾಟಿತು. ಅಪಾಯದ ಮಟ್ಟ 45 ಅಡಿ. ನಮ್ಮದು ಎತ್ತರದ, ಮಳೆ ಕಡಿಮೆಯ ಭಾಗ. ನಾವು ಟೀವಿ ನೋಡುತ್ತ ಕೂತವರು. ಆ ದಿನಗಳ ಇಂಗ್ಲಿಷ್ ಪತ್ರಿಕೆ ಓದಿಸುವಾಗ ಕ್ಲಿಂಗ್ ಎಂಬ ಮಾತು ಬಂತು. ‘ಸರ, ಬಾಳಿ ಹಂಗ?’ ಎಂದು ಅದೇ ಹುಡುಗಿ ಮೆಲ್ಲಗೆ ಕೇಳಿದಳು. ಹೌದು ಅಂದೆ. ಅವತ್ತು ಬೇರೆ ಶಬ್ದಾರ್ಥ ಬರೆಸಲಿಲ್ಲ.

7. ‘ಫಾಸನ್’ ಒಳಗೆ ‘ಫಾಸ್ಟ್’ ಕೂತಿದೆ

ಬರೆಯುವಾಗ ‘ಟಿ’ ಇದೆ, ಅನ್ನುವಾಗ ಇಲ್ಲ. ‘ಫಾಸ್ಟೆನ್’ ಅಲ್ಲ, ‘ಫಾಸನ್’. ‘ಲಿಸನ್’ ಥರ. ವಿಮಾನದಲ್ಲಿ ಸೀಟ್ ಬೆಲ್ಟಿಗೆ ಹೇಳುವುದು ಈ ಮಾತನ್ನೇ. ಬೆಲ್ಟಾಗಲಿ, ಗುಂಡಿಯಾಗಲಿ, ಕೊಕ್ಕೆಯಾಗಲಿ, ಯಾವುದರಿಂದಾದರೂ ಭದ್ರ ಮಾಡು ಎನ್ನುವ ಸಾಮಾನ್ಯ ಮಾತು ಅದು. ಸರಿಯಾದ ಕ್ರಿಯಾಪದ ನೆನಪಾಗದಿದ್ದಾಗ ಮಾನ ಕಾಯುತ್ತದೆ.

ಮಕ್ಕಳು ಕೇಳುತ್ತಾರೆ: ಫಾಸ್ಟ್ ಅಂದರೆ ಜೋರಾಗಿ ಓಡುವುದಲ್ಲವೆ, ಕಟ್ಟಿಹಾಕುವುದು ಹೇಗಾಯಿತು? ಫಾಸ್ಟ್ ಅನ್ನುವುದರ ಹಳೆಯ ಅರ್ಥ ಗಟ್ಟಿ, ಅಲುಗಾಡದ್ದು. ವೇಗದ ಅರ್ಥ ಆಮೇಲೆ ಬಂದದ್ದು. ಹಳೆಯ ಅರ್ಥ ಮಿರಜದ ಬಟ್ಟೆ ಅಂಗಡಿಯಲ್ಲಿ ಇನ್ನೂ ಬದುಕಿದೆ. ‘ಫಾಸ್ಟ್ ಕಲರ್’ ಅಂದರೆ ಪಕ್ಕಾ ರಂಗು, ಬಟ್ಟೆಯನ್ನು ಬಿಡದ ಬಣ್ಣ. ನಮ್ಮ ಹುಡುಗರು ಅದನ್ನು ಕಣ್ಣಿಗೆ ಹೊಡೆಯುವ ಬಣ್ಣ ಅಂದುಕೊಂಡಿದ್ದರು. ಉಪವಾಸಕ್ಕೆ ಫಾಸ್ಟ್ ಅನ್ನುವುದೂ ಇದೇ ಬೇರಿನಿಂದ, ನೇಮವನ್ನು ಗಟ್ಟಿಯಾಗಿ ಹಿಡಿಯುವುದು. ನಮ್ಮ ಏಕಾದಶಿಯವರು ‘ವ್ರತ ಹಿಡಿದೀನಿ’ ಅಂತಾರಲ್ಲ, ಎರಡು ಭಾಷೆಯೂ ಹೊಟ್ಟೆ ಹಸಿದಾಗ ಒಂದೇ ಕಡೆ ಕೈ ಚಾಚಿವೆ. ‘ಹೋಲ್ಡ್’ ಕತೆ ಇನ್ನೂ ಚಂದ. ಅದರ ಒಡಹುಟ್ಟಿದ, ಗಾಥಿಕ್ ಎಂಬ ಹಳೆಯ ಭಾಷೆಯ ಮಾತಿಗೆ ದನ ಕಾಯುವುದು ಎಂಬ ಅರ್ಥವಿತ್ತು. ಇದನ್ನು ಕೇಳಿದ ಮೇಲೆ ದನ ಕಾಯಲು ಹೋಗಿ ಕ್ಲಾಸು ತಪ್ಪಿಸಿದವನು ‘ಹೋಲ್ಡ್ ಮಾಡಾಕ ಹೋಗಿದ್ದೆ ಸರ’ ಎಂದು ನೆಪ ಹೇಳಿದ. ರಜೆ ಮಂಜೂರು ಮಾಡಿದೆ.

8. ಎರಡು ನಾಲಿಗೆಯ ಮಾತುಗಳನ್ನು ಮೊದಲೇ ಹೇಳಿಬಿಡಿ

ಬೋಲ್ಟ್ ಅಂದರೆ ಅಗುಳಿ ಹಾಕಿ ಭದ್ರ ಮಾಡುವುದು. ಕುದುರೆಯೋ ಹೋರಿಯೋ ಕಿತ್ತುಕೊಂಡು ಓಡುವುದೂ ಬೋಲ್ಟ್. ಬಕಲ್ ಅಂದರೆ ಪಟ್ಟಿ ಬಿಗಿಯುವುದು. ಭಾರಕ್ಕೆ ಕಂಬ ಕುಸಿದು ಬಗ್ಗುವುದೂ ಬಕಲ್. ಕ್ಲಿಪ್ ಅಂದರೆ ಸಿಕ್ಕಿಸುವುದು, ಕತ್ತರಿಸುವುದು ಕೂಡ. ಪ್ಯಾಕಿಂಗ್ ಶೆಡ್ಡಿನಲ್ಲಿ ಒಬ್ಬ ಹುಡುಗ ‘ಕ್ಲಿಪ್ ದ ಸ್ಟೆಮ್’ ಎಂಬ ಸೂಚನೆ ಓದಿ ದೇಟಿಗೆ ಹಚ್ಚಲು ಕ್ಲಿಪ್ಪು ಹುಡುಕುತ್ತ ಕೂತಿದ್ದನಂತೆ. ಕತ್ತರಿ ಕೈಯಲ್ಲೇ ಇತ್ತು.

9. ಸತಾರಮೇಕರ ಗಲ್ಲಿಗೆ ಒಮ್ಮೆ ಕರೆದುಕೊಂಡು ಹೋಗಿ

ಮಿರಜ ಎಂದರೆ ಕಿರಾಣಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನ್ ನೆಲೆ ನಿಂತ ಊರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರು ಅವರು. ತಂತಿವಾದ್ಯ ಮಾಡುವ ಮನೆತನಗಳು ತಲೆಮಾರುಗಳಿಂದ ಇಲ್ಲಿವೆ, 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಜಿಐ ಮಾನ್ಯತೆ ಸಿಕ್ಕಿತು. ಮಕ್ಕಳನ್ನು ನಾನು ಅವರ ಗಲ್ಲಿಗೆ ಒಯ್ಯುವುದು ಸಂಗೀತಕ್ಕಲ್ಲ, ‘ಟೈ’ ಮತ್ತು ‘ಫಿಕ್ಸ್’ಗೆ.

ಸಿತಾರಿನ ಕೊರಳಿನ ಮೇಲೆ ಬಾಗಿದ ಲೋಹದ ಪಡದೆಗಳು ಸಾಲಾಗಿರುತ್ತವೆ. ಅವನ್ನು ಮೊಳೆಯಿಂದ ಜಡಿದಿರುವುದಿಲ್ಲ, ಅಂಟಿಸಿರುವುದೂ ಇಲ್ಲ. ದಾರದಿಂದ ಕಟ್ಟಿರುತ್ತಾರೆ, ಈಗೆಲ್ಲ ನೈಲಾನ್ ದಾರ. ಕುಶಲಕರ್ಮಿ ನಮ್ಮ ಮುಂದೆಯೇ ಒಂದು ಪಡದೆಗೆ ದಾರ ಸುತ್ತಿದ. ಕೊರಳಿನ ಹಿಂದಿನಿಂದ ಸುತ್ತಿ ತಂದು, ಪಡದೆಯ ತುದಿಯ ಗೀರಿನಲ್ಲಿ ಕೂರಿಸಿ, ಮತ್ತೆ ಹಿಂದಕ್ಕೆ, ಹೀಗೆ ಒಂದರ ಪಕ್ಕ ಒಂದು ಎಳೆ ಒತ್ತಿ. ಕೊನೆಗೆ ಗಂಟು ಹಾಕಿ ಮಿಕ್ಕ ದಾರ ಕತ್ತರಿಸಿದ. ಆಮೇಲೆ ಎರಡು ಹೆಬ್ಬೆರಳಿನಿಂದ ಪಡದೆಯನ್ನು ಒತ್ತಿ ಕೂದಲೆಳೆಯಷ್ಟು ಮೇಲಕ್ಕೆ ಸರಿಸಿದ. ಸ್ವರ ಬದಲಾಯಿತು. ರಾಗಕ್ಕೆ ತಕ್ಕಂತೆ ಪಡದೆ ಸರಿಯಬೇಕು, ನುಡಿಸುವಾಗ ಮಾತ್ರ ಅಲುಗಬಾರದು, ಅದಕ್ಕೇ ಕಟ್ಟುವುದು. ಗಿಟಾರಿನಲ್ಲಿ ಅದೇ ಪಟ್ಟಿಗಳನ್ನು ಕಟ್ಟಿಗೆಯ ಸೀಳಿನೊಳಗೆ ಬಡಿದು ಕೂರಿಸಿರುತ್ತಾರೆ. ಅದು ಫಿಕ್ಸ್. ಸಿತಾರಿನದು ಟೈ.

ತಂತಿ ಬಿಗಿಯುವ ಖುಂಟಿಯ ಕತೆ ಬೇರೆ. ಅದಕ್ಕೆ ಸ್ಕ್ರೂ ಇಲ್ಲ, ಗಂಟಿಲ್ಲ. ತುದಿಗೆ ಸಣ್ಣಗಾಗುತ್ತ ಹೋಗುವ ಕಟ್ಟಿಗೆಯ ಬೆಣೆ, ತೂತಿನೊಳಗೆ ತಿಕ್ಕಾಟದ ಬಲದಿಂದಲೇ ನಿಲ್ಲುತ್ತದೆ. ಜಾರಲು ಹತ್ತಿದರೆ ಒಂದಿಷ್ಟು ಸೀಮೆಸುಣ್ಣ ಉಜ್ಜುತ್ತಾರೆ. ‘ಗ್ರಿಪ್ ಸಿಗಲಿ ಅಂತ’ ಎಂದು ಆತ ಮರಾಠಿಯಲ್ಲಿ ಹೇಳಿದ, ಗ್ರಿಪ್ ಎಂಬ ಇಂಗ್ಲಿಷ್ ಮಾತನ್ನೇ ಸೇರಿಸಿ. ತಂಬೂರಿಯ ತಂತಿ ಮತ್ತು ಅದನ್ನು ಹೊತ್ತ ಕುದುರೆಯ (ಬ್ರಿಜ್ಜಿನ) ನಡುವೆ ತೂರಿಸುವ ನೂಲಿನ ಎಳೆಗೆ ‘ಜೀವಾ’ ಅಂತಾರೆ. ಅದನ್ನು ಕಟ್ಟುವುದೂ ಇಲ್ಲ, ಅಂಟಿಸುವುದೂ ಇಲ್ಲ, ಬರೀ ಸಿಕ್ಕಿಸುವುದು. ಅದನ್ನು ತೆಗೆದು ಮೀಟಿ ತೋರಿಸಿದ, ನಾದ ಸಪ್ಪೆ. ಮತ್ತೆ ಸಿಕ್ಕಿಸಿದ, ಅಂಗಡಿ ತುಂಬ ಝೇಂಕಾರ. ‘ಟಕ್’ ಎಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದೆ, ಯಾರೂ ಬರೆಯಲಿಲ್ಲ, ಕೇಳುತ್ತ ನಿಂತಿದ್ದರು.

10. ಭೂತಕಾಲ, ಮತ್ತು ‘ಆನ್’

ಹೆಲ್ಡ್, ಬೌಂಡ್, ಕ್ಲಂಗ್, ಸ್ಟಕ್, ಹಂಗ್. ಗಟ್ಟಿ ಹಿಡಿಯುವ ಹಳೆಯ ಮಾತುಗಳಲ್ಲಿ ಇಂಥ ಕೆಲವಕ್ಕೆ ‘ಇಡಿ’ ಹತ್ತುವುದಿಲ್ಲ. ಇದಕ್ಕೆ ಅಡ್ಡದಾರಿ ಇಲ್ಲ, ಬಾಯಿಪಾಠವೇ ಗತಿ. ‘ಆನ್’ ಮಾತ್ರ ವಿವರಿಸಬಹುದು. ಎಸ್‌ಟಿ ಬಸ್ಸಿನಲ್ಲಿ ಸರಳು ಹಿಡಿದು ನಿಂತರೆ ಹೋಲ್ಡ್. ಡ್ರೈವರ್ ಬ್ರೇಕ್ ಹಾಕಿದಾಗಲೂ ಬಿಡದೆ ಹಿಡಿದುಕೊಂಡರೆ ಹೋಲ್ಡ್ ಆನ್. ನಮ್ಮ ‘ಹಿಡಿ’ ಮತ್ತು ‘ಹಿಡಿದುಕೋ’ ನಡುವೆ ಇರುವಷ್ಟೇ ಅಂತರ. ‘ಕೊಳ್ಳು’ ಮಾಡುವ ಕೆಲಸವನ್ನು ‘ಆನ್’ ಮಾಡುತ್ತದೆ ಎಂದರೆ ಕನ್ನಡದ ಮನೆಯ ಮಕ್ಕಳಿಗೆ ಕೂಡಲೇ ಹತ್ತುತ್ತದೆ.

11. ಬೋರ್ಡಿನ ಮೇಲಿನ ಕಾಟು ಅಳಿಸಲು ಸಿದ್ಧರಿರಿ

ವಿಲಿಯಂ ವಾನ್ಲೆಸ್ ಮಿರಜದಲ್ಲಿ ಮಿಷನ್ ಆಸ್ಪತ್ರೆ ತೆರೆದದ್ದು 1894ರಲ್ಲಿ, ಕಿಟ್ಟೆಲರ ನಿಘಂಟು ಅಚ್ಚಾದ ವರ್ಷವೇ. ಅಂದಿನಿಂದ ಮಿರಜ ಆಸ್ಪತ್ರೆಗಳ ಊರು. ಅಥಣಿ, ಕಾಗವಾಡ, ಚಿಕ್ಕೋಡಿ, ವಿಜಯಪುರದ ಕಡೆಯ ಕನ್ನಡದ ರೋಗಿಗಳು ಇಂದಿಗೂ ಬರುತ್ತಾರೆ. ಬಾಳಿ ಬಿಡಿಸಲು ಉಗುರು ಹಾಕಿದ್ದ ಹುಡುಗಿ ಈಗ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಕನ್ನಡ ಬರುತ್ತದೆಂದು ಅವಳನ್ನೇ ಕರೆಯುತ್ತಾರಂತೆ. ಹೊರರಾಜ್ಯದ ಡಾಕ್ಟರಿಗೆ ಅವಳು ಇಂಗ್ಲಿಷಿನಲ್ಲಿ ಹೇಳಬೇಕು.

ಮೊನ್ನೆ ರಾತ್ರಿ ಫೋನು ಮಾಡಿದಳು. ‘ಸರ, ಎದಿ ಹಿಡದಂಗ ಆಗೇತಿ ಅಂದ್ರ ಟೈಟ್‌ನೆಸ್ ಅಂತೀನಿ. ಹೊಟ್ಟಿ ಹಿಡಕೊಂಡ ನೋಯ್ತದ ಅಂದ್ರ ಗ್ರಿಪಿಂಗ್ ಪೇನ್ ಅಂತೀನಿ. ಇವತ್ತ ಒಬ್ಬ ಅಜ್ಜಿ ಬಂದಿದ್ಲು, ಕೊಡಾ ಎತ್ತೂ ಮುಂದ ಟಣ್ಣಂತ ಸೊಂಟ ಹಿಡೀತು ಅಂದ್ಲು. ಅದಕ್ಕೇನಂತಾರ್ರಿ?’

‘ಸ್ಟಿಫ್’ ಅನ್ನಬೇಕೆಂದಿದ್ದೆ. ಆದರೆ ಅದು ಬಿಗಿದುಕೊಂಡು ಕೂತ ಸೊಂಟ. ಅಜ್ಜಿ ಹೇಳಿದ್ದು ತಟ್ಟನೆ ಹಿಡಿದ ಗಳಿಗೆ. ‘ಹೋಲ್ಡ್ ಆನ್’ ಎಂದು ಫೋನು ಪಕ್ಕಕ್ಕಿಟ್ಟು ದಪ್ಪ ನಿಘಂಟು ಇಳಿಸಿದೆ. ಹುಡುಕಿದ್ದು ಸಿಕ್ಕಿತು. ಬೆನ್ನೋ ಸೊಂಟವೋ ಹೀಗೆ ಥಟ್ಟನೆ ಹಿಡಿದುಕೊಂಡರೆ ಇಂಗ್ಲಿಷಿನವರೂ ‘ಎ ಕ್ಯಾಚ್ ಇನ್ ದ ಬ್ಯಾಕ್’ ಅನ್ನುತ್ತಾರೆ.

ಫೋನು ಎತ್ತಿಕೊಂಡೆ. ‘ಕ್ಯಾಚ್’ ಅಂದೆ.

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ‘ಸರ, ನೀವ ಕಾಟು ಹೊಡದಿದ್ರಲ್ರಿ!’ ಎಂದು ಆಸ್ಪತ್ರೆಯ ವಾರ್ಡು ಮರೆತು ನಗಲು ಶುರು ಮಾಡಿದಳು.